ಗೊಬ್ಬರದ ಬಕೆಟ್ಟು, ಸುನೀತನ ಬುಟ್ಟಿ



"ಯಾವ ಕೆಲಸವೂ ಕೀಳಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಶಾಲೆಯ ಗೋಡೆಗಳ ಮೇಲೂ ಬರೆದಿರುತ್ತಾರೆ. ಇವತ್ತಿನ ಚಿಂತನೆಗೆ ನಾನು ಇಡುವ ಪ್ರಶ್ನೆ ಇಷ್ಟೇ: ಈ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ? ಹೇಳುವವರಿಗೆ ಆ ಕೆಲಸ ಬಿಟ್ಟು ಎದ್ದು ಹೋಗುವ ದಾರಿ ಇರುತ್ತದೆ. ಕೇಳಿಸಿಕೊಳ್ಳುವವರಿಗೆ ಇದೆಯೇ?

ಇದು ನನಗೆ ಪುಸ್ತಕದಿಂದ ಬಂದ ಪ್ರಶ್ನೆಯಲ್ಲ, ನಮ್ಮ ಮನೆಯ ತಾರಸಿಯ ಮೇಲೆ ಹುಟ್ಟಿದ್ದು. ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ವಾರದಲ್ಲಿ ನಾಲ್ಕು ದಿನ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ, ಉಳಿದ ದಿನ ಮನೆಯಲ್ಲೇ ಓದು ಬರಹ. ಬರೆದು ಬರೆದು ತಲೆ ಕೆಟ್ಟಾಗ ತಾರಸಿ ಹತ್ತುತ್ತೇನೆ. ಅಲ್ಲಿ ಹಳೆಯ ಪೇಂಟ್ ಬಕೆಟ್ಟು, ಒಡೆದ ಡ್ರಮ್ಮು, ಅಕ್ಕಿ ಚೀಲಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಬಸಳೆ, ಸಬ್ಬಸಿಗೆ, ಒಂದು ಕರಿಬೇವು. ಮೂಲೆಯಲ್ಲಿ ಮುಚ್ಚಳವಿರುವ ಎರಡು ಬಕೆಟ್ಟು, ಅದರಲ್ಲಿ ಅಡುಗೆಮನೆಯ ಹಸಿ ಕಸದ ಗೊಬ್ಬರ. ಸುತ್ತ ತೂತು ಕೊರೆದು, ಒಂದು ಪದರ ತರಕಾರಿ ಸಿಪ್ಪೆ, ಒಂದು ಪದರ ಒಣಗಿದ ಎಲೆ, ಮೇಲೆ ಒಂದಿಷ್ಟು ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೆರಡು ಸಲ ಮೇಲೆ ಕೆಳಗೆ ಮಾಡಿದರೆ ಎರಡು ಎರಡೂವರೆ ತಿಂಗಳಿಗೆ ಕಪ್ಪು ಮಣ್ಣಾಗುತ್ತದೆ. ನೀರು ಹೆಚ್ಚಾದರೆ ನಾರುತ್ತದೆ, ಆಗ ಇನ್ನಷ್ಟು ಒಣ ಎಲೆ ಹಾಕಬೇಕು. ದಪ್ಪ ಬಿಳಿ ಹುಳಗಳೂ ಬರುತ್ತವೆ. ಅವು ತಮ್ಮ ಪಾಲಿನ ಕೆಲಸ ಮುಗಿಸಿ ಹೋಗುತ್ತವೆ, ಹೆದರುವಂಥದ್ದೇನಿಲ್ಲ. ಫೋಟೊ ಹಾಕಿದರೆ ವಿಭಾಗದ ಗೆಳತಿಯರೆಲ್ಲ ಚಪ್ಪಾಳೆಯ ಚಿತ್ರ ಕಳಿಸುತ್ತಾರೆ.

ನಮ್ಮ ಅವ್ವ ಪೌರಕಾರ್ಮಿಕಳು. ಇಪ್ಪತ್ತೆರಡು ವರ್ಷದಿಂದ ಬೆಳಗ್ಗೆ ಐದಕ್ಕೆ ಎದ್ದು ಪೊರಕೆ ಹಿಡಿದವಳು. ಹಸಿ ಕಸದ ಜೊತೆ ಒಡೆದ ಗಾಜು, ಬ್ಲೇಡು, ಮಕ್ಕಳ ಡೈಪರ್ ಬೆರೆಸಿ ಕೊಟ್ಟವರ ಮನೆಯ ಗೇಟಿನ ಮುಂದೆ ನಿಂತು ಜೋರು ಮಾಡುವ ಧೈರ್ಯ ಅವಳಿಗಿದೆ. ತನ್ನ ಬೀದಿ ಚೊಕ್ಕಟವಾಗಿರಬೇಕು ಎಂಬ ಹಟವೂ ಇದೆ. ಆದರೆ ನನ್ನ ಗೊಬ್ಬರದ ಬಕೆಟ್ಟನ್ನು ಇವತ್ತಿನವರೆಗೆ ಮುಟ್ಟಿಲ್ಲ. "ಊರ್ ಕಸ ಎತ್ತಿ ಎತ್ತಿ ಸಾಕಾಯ್ತು. ಈಗ ಮನೆ ಮ್ಯಾಲೂ ತಂದು ಮಡಗಿದ್ದೀಯಲ್ಲ ಮಗ" ಎಂದು ಒಮ್ಮೆ ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ. ಹೋದ ತಿಂಗಳು ಅಕ್ಕನಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತಿಗೆ ಹಾಲು ಬರಲಿ ಎಂದು ದಿನವೂ ತಾರಸಿಯ ಸಬ್ಬಸಿಗೆ ಕೊಯ್ದು ತರುವವಳು ಅವ್ವನೇ. ಸೊಪ್ಪು ಬೇಕು, ಬಕೆಟ್ಟು ಬೇಡ. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ.

ಈ ನಡುವೆ ಮನೆಯಲ್ಲಿ ಇನ್ನೊಂದು ಮಾತು ಎದ್ದಿತು. ತಮ್ಮ ಐಟಿಐ ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದಾನೆ. ಕಸದ ಆಟೊ ಟಿಪ್ಪರಿಗೆ ಆಳು ಬೇಕಂತೆ, ಸೇರಿಸಿಬಿಡೋಣ ಎಂದು ಸೋದರಮಾವ ಸುದ್ದಿ ತಂದರು. ಅವ್ವ ಮುದ್ದೆ ಕಟ್ಟುತ್ತಿದ್ದವಳು ತಲೆಯೆತ್ತದೆ "ಬ್ಯಾಡ" ಅಂದಳು. ತಮ್ಮ ನನ್ನ ಕಡೆ ತಿರುಗಿ ಕೇಳಿದ: "ಅಕ್ಕ, ನೀನು ಕಸ ಮುಟ್ಟಿದ್ರೆ ಎಲ್ರೂ ಭೇಷ್ ಅಂತಾರೆ. ನಾನು ಮುಟ್ಟಿದ್ರೆ ಯಾಕೆ ಬ್ಯಾಡ? ಕೆಲಸ ಅಲ್ವಾ ಅದು?"

ಒಳ್ಳೆಯ ಪ್ರಶ್ನೆ. ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಆ ಕೆಲಸ ಕೀಳು ಎಂದರೆ ಅವ್ವನ ಇಪ್ಪತ್ತೆರಡು ವರ್ಷವನ್ನು ಕೀಳು ಮಾಡಿದಂತೆ. ಶ್ರೇಷ್ಠ ಎಂದರೆ ತಮ್ಮನನ್ನೂ ಅಲ್ಲಿಗೇ ಕಳಿಸಿದಂತೆ.

ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಈ ಗಂಟನ್ನು ಬಿಡಿಸಿಟ್ಟಿದ್ದಾರೆ. ಜಾತಿ ಹಂಚುವುದು ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಮೇಲೆ ಕೆಳಗೆ ಇಡುತ್ತದೆ ಎನ್ನುವುದು ಅವರ ವಾದ. ಅಲ್ಲಿ ಒಲವು, ಸಾಮರ್ಥ್ಯಗಳನ್ನು ಯಾರೂ ಕೇಳುವುದಿಲ್ಲ, ಹುಟ್ಟು ನೋಡಿ ಪೊರಕೆ ಕೊಡುತ್ತಾರೆ. ಜಾಡಮಾಲಿ ಕೆಲಸ ಪವಿತ್ರ ಸೇವೆ ಎಂದು ಗಾಂಧೀಜಿ ಹೊಗಳಿದಾಗ ಬಾಬಾಸಾಹೇಬರು ಸಿಟ್ಟಾದದ್ದೂ ಇದಕ್ಕೇ. ಒಂದೇ ಜನಕ್ಕೆ ಕಟ್ಟಿಹಾಕಿದ ಕೆಲಸವನ್ನು ಅದೇ ಜನದ ಮುಂದೆ ಹೊಗಳುವುದು ಕ್ರೂರ ಹಾಸ್ಯ ಎಂಬ ಅರ್ಥದಲ್ಲಿ ಅವರು 1945ರ ತಮ್ಮ ಪುಸ್ತಕದಲ್ಲಿ ಬರೆದರು. ಕುವೆಂಪು ಅವರ 'ಜಲಗಾರ' ನಾಟಕ ನನಗೆ ಬಹಳ ಇಷ್ಟ, ಅಲ್ಲಿ ಶಿವನೇ ಜಲಗಾರನಾಗಿ ಬರುತ್ತಾನೆ. ಆದರೂ ಓದಿ ಮುಗಿಸಿದಾಗಲೆಲ್ಲ ನನಗೆ ಒಂದು ಕೊರತೆ ಉಳಿಯುತ್ತದೆ: ದೇವರು ಬೀದಿಗೆ ಇಳಿದ, ಸರಿ. ಜಲಗಾರನ ಮಗ ಮರುದಿನ ಎಲ್ಲಿಗೆ ಹೋದ?

ಈಗ ಸುನೀತನನ್ನು ನೆನೆಯೋಣ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅವನ ಕಥೆ ಹೇಳಿದ್ದಾರೆ, ಥೇರಗಾಥಾದಲ್ಲಿ ಅವನೇ ತನ್ನ ಬದುಕನ್ನು ಹೇಳಿಕೊಂಡ ಗಾಥೆಗಳಿವೆ. ರಾಜಗೃಹದ ಬೀದಿ ಗುಡಿಸುವವನು. ಒಂದು ಬೆಳಗ್ಗೆ ಕಸ ಗುಡ್ಡೆ ಹಾಕಿ ಬುಟ್ಟಿಗೆ ತುಂಬುತ್ತಿದ್ದಾಗ ಭಗವಾನರು ಭಿಕ್ಷುಗಳೊಡನೆ ಆ ಬೀದಿಗೆ ಬಂದರು. ಅಡಗಲು ಜಾಗವಿಲ್ಲ. ಹೊರೆಯನ್ನು ಗೋಡೆಯ ಮೂಲೆಗಿಟ್ಟು, ತಾನೂ ಗೋಡೆಗೆ ಅಂಟಿಕೊಂಡು ಕೈ ಮುಗಿದು ನಿಂತ. ಅಡಗಬೇಕು ಅನ್ನಿಸಿತಲ್ಲ, ಆ ಅಂಜಿಕೆ ಎಲ್ಲಿಂದ ಬಂತು ಎಂದು ನಮಗೆ ಯಾರೂ ವಿವರಿಸಬೇಕಿಲ್ಲ. ಬುದ್ಧರು ಅವನ ಹತ್ತಿರ ನಿಂತರು. "ನಿನ್ನ ಕಾಯಕ ದೊಡ್ಡದು, ಮುಂದುವರಿಸು" ಎನ್ನಲಿಲ್ಲ. ಈ ಬಗೆಯ ಬಾಳು ನಿನಗೇಕೆ, ಬಿಟ್ಟು ಸಂಘಕ್ಕೆ ಬರಬಲ್ಲೆಯಾ ಎಂದು ಕೇಳಿದರು. ಆಜ್ಞೆ ಮಾಡಲಿಲ್ಲ, ಕೇಳಿದರು. ಅವನ ಜೀವನದಲ್ಲಿ ಮೊದಲ ಸಲ ಎರಡು ದಾರಿ ಕಂಡಿರಬೇಕು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅರ್ಧವಾಗುತ್ತದೆ. ಸುನೀತ ಬುಟ್ಟಿ ಬಿಟ್ಟ ಮೇಲೆ ವಿಹಾರದಲ್ಲಿ ಕಸ ಬೀಳುವುದು ನಿಂತಿತೇ? ಇಲ್ಲ. ವಿನಯ ಪಿಟಕದಲ್ಲಿ ಭಿಕ್ಷುಗಳ ನಿತ್ಯ ಕರ್ತವ್ಯಗಳ ಭಾಗವಿದೆ. ತಂಗುವ ಜಾಗ ಗುಡಿಸುವುದು, ನೀರು ತುಂಬಿಡುವುದು ಎಲ್ಲ ಅಲ್ಲಿದೆ. ಶೌಚದ ಮನೆ ಹೊಲಸಾಗಿದ್ದರೆ ತೊಳೆಯಬೇಕು ಎಂದೂ ಇದೆ, ಇಂಥ ಕುಲದ ಭಿಕ್ಷು ತೊಳೆಯಲಿ ಎಂದಿಲ್ಲ. ಕ್ಷತ್ರಿಯ, ಬ್ರಾಹ್ಮಣ ಮನೆಗಳಿಂದ ಬಂದವರಿಗೂ ಅದೇ ನಿಯಮ. ಹೊರಗೆ ಹೋಗುವ ಬಾಗಿಲು ಒಬ್ಬರಿಗೆ ತೆರೆದಂತೆಯೇ ಒಳಗೆ ಬಂದು ಪೊರಕೆ ಹಿಡಿಯುವ ಬಾಗಿಲು ಉಳಿದವರಿಗೆ ತೆರೆಯಿತು. ಎರಡೂ ತೆರೆಯದೆ ಗೌರವದ ಮಾತಾಡುವುದು ನನಗೆ ರುಚಿಸುವುದಿಲ್ಲ.

ಸಮ್ಮಾ ಆಜೀವ ಹೇಳುವಾಗ ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಎಣಿಸುತ್ತೇವೆ: ಆಯುಧ, ಮನುಷ್ಯರ ಮಾರಾಟ, ಮಾಂಸ, ಮದ್ಯ, ವಿಷ. ಕಸ ಗುಡಿಸುವುದು ಆ ಪಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಗುಡಿಸುವವರಿಂದ ಯಾರಿಗೂ ಕೇಡಿಲ್ಲ. ಕೇಡು ಆಗುವುದು ಅವರ ಕೈಗೆ, ಸೊಂಟಕ್ಕೆ, ಶ್ವಾಸಕೋಶಕ್ಕೆ. ನಮ್ಮ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಹೊರುವವರಿಗೆ ಹಾರ ಹಾಕಿ ಸನ್ಮಾನ ಮಾಡುವ ದಾರಿಯೂ ಇತ್ತು, ಅವರು ಅದನ್ನು ಹಿಡಿಯಲಿಲ್ಲ.

ತಮ್ಮನಿಗೆ ನಾನು ಹೇಳಿದ್ದು ಇದು: ನನ್ನ ಬಕೆಟ್ಟಿಗೆ ಮುಚ್ಚಳವಿದೆ. ನಾರಿದರೆ ಮುಚ್ಚಿ ಕೆಳಗಿಳಿದು ಓದಲು ಕೂರುತ್ತೇನೆ, ಒಂದು ವಾರ ಹತ್ತದಿದ್ದರೂ ಸಂಬಳ ಹಿಡಿಯುವವರಿಲ್ಲ. ನನ್ನನ್ನು ಯಾರೂ ಗೊಬ್ಬರದವಳು ಎಂದು ಕರೆಯುವುದಿಲ್ಲ. ಮಾವ ಸುದ್ದಿ ತಂದದ್ದು ನಮ್ಮ ಮನೆಗೆ. ಎದುರು ಬೀದಿಯಲ್ಲೂ ಕೆಲಸವಿಲ್ಲದ ಹುಡುಗರಿದ್ದಾರೆ, ಆ ಮನೆಗಳಿಗೆ ಈ ಸುದ್ದಿ ಯಾರೂ ಒಯ್ಯಲಿಲ್ಲ. ಐಟಿಐ ಮುಗಿಸು, ಹೆವಿ ಲೈಸೆನ್ಸ್ ಮಾಡಿಸು. ಬಸ್ಸು, ಲಾರಿ, ಆಂಬುಲೆನ್ಸು, ಟಿಪ್ಪರು ನಾಲ್ಕೂ ನಿನ್ನ ಮುಂದೆ ನಿಂತಿರುವಾಗ ಟಿಪ್ಪರನ್ನೇ ಹತ್ತಿದರೆ ಅವ್ವನ ಹತ್ತಿರ ನಾನೇ ಮಾತಾಡುತ್ತೇನೆ.

ಅವನು ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಲೈಸೆನ್ಸಿನ ಫೀಸು ಎಷ್ಟು ಎಂದು ಕೇಳಿದ. ಅವ್ವ ಒಳಗಿಂದಲೇ "ಕಟ್ಟವಾ" ಅಂದಳು.

ಇನ್ನೊಂದು ಮಾತು, ಇದು ನಮ್ಮ ಬಳಗದ ವಿಷಯ. ಭಾನುವಾರ ವಂದನೆ, ಓದು ಮುಗಿದ ಮೇಲೆ ಚಾಪೆ ಮಡಚುವುದು, ಟೀ ಲೋಟ ತೊಳೆಯುವುದು, ಹಾಲ್ ಗುಡಿಸುವುದು ಈವರೆಗೆ ಮೂರು ನಾಲ್ಕು ಹೆಣ್ಣುಮಕ್ಕಳ ಪಾಲಿಗೇ ಬಂದಿದೆ. ಅಷ್ಟು ಹೊತ್ತು ಅಣ್ಣಂದಿರು ಹೊರಗೆ ನಿಂತು ಸಮತೆಯ ಬಗ್ಗೆ ಚರ್ಚೆ ಮುಂದುವರಿಸುತ್ತಾರೆ. ಸರದಿ ಪಟ್ಟಿ ಮಾಡೋಣ. ಈ ವಾರ ತೊಳೆಯುವವರು ಕೆಳಗೆ ಹೆಸರು ಬರೆಯಿರಿ.

ಜೈ ಭೀಮ್.