ಒಡೆತನ ಬದಲಾದ ಸಸ್ಯಾಹಾರ: ಕೊಳ್ಳುವವನ ಹೊಣೆ ಎಷ್ಟು?

ಶ್ರಾವಕನ ಆಹಾರಶುದ್ಧಿಯ ವಿಚಾರವು ಹಿಂದೆ ಅಡಿಗೆಮನೆಯ ಹೊಸ್ತಿಲೊಳಗೇ ಮುಗಿಯುತ್ತಿತ್ತು. ಧಾನ್ಯವನ್ನು ಆರಿಸಿ, ನೀರನ್ನು ಸೋಸಿ, ಸೂರ್ಯಾಸ್ತಕ್ಕೆ ಮುನ್ನ ಉಂಡರೆ ಗೃಹಸ್ಥನ ಕರ್ತವ್ಯವು ಬಹುಮಟ್ಟಿಗೆ ನೆರವೇರಿದಂತಾಗುತ್ತಿತ್ತು. ಇಂದು ಹಿಟ್ಟು, ಸಾರಿನ ಪುಡಿ, ಸಿಹಿತಿಂಡಿ ಎಲ್ಲವೂ ಪೊಟ್ಟಣದಲ್ಲಿ ಬರುತ್ತವೆ. ಪೊಟ್ಟಣದ ಹಿಂದೆ ಒಂದು ಕಂಪನಿ, ಆ ಕಂಪನಿಯ ಹಿಂದೆ ಮತ್ತೊಂದು ಕಂಪನಿ. ಹೀಗಾಗಿ ನಮ್ಮ ಮನೆಗಳಲ್ಲಿಯೂ ಬಸದಿಗಳ ಟ್ರಸ್ಟು ಸಭೆಗಳಲ್ಲಿಯೂ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಶುದ್ಧ ಸಸ್ಯಾಹಾರಿ ಪದಾರ್ಥವನ್ನು ತಯಾರಿಸುವ ಸಂಸ್ಥೆಯನ್ನು ಮೀನು ಮಾಂಸಗಳನ್ನೂ ಮಾರುವ ದೊಡ್ಡ ಕಂಪನಿಯೊಂದು ಕೊಂಡುಕೊಂಡರೆ, ಆ ಪದಾರ್ಥವನ್ನು ಅಹಿಂಸಾವ್ರತಿಯು ಕೊಳ್ಳಬಹುದೇ?

ಇದು ದೂರದ ಮಾತಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸೋದರರು ಆರಂಭಿಸಿದ ಉಪಾಹಾರಗೃಹವು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳ ದರನಿಯಂತ್ರಣದಿಂದ ವ್ಯವಹಾರ ಕಷ್ಟವಾದಾಗ ಸಿದ್ಧ ಹಿಟ್ಟು, ಪುಡಿಗಳ ಮಾರಾಟವು ಬೆಳೆದು, ಎಂ.ಟಿ.ಆರ್. ಪೊಟ್ಟಣಗಳು ಮನೆಮನೆಗೆ ಬಂದವು. 2007ರಲ್ಲಿ ಈ ಆಹಾರ ತಯಾರಿಕಾ ಸಂಸ್ಥೆಯನ್ನು ನಾರ್ವೆ ದೇಶದ ಓರ್ಕ್ಲಾ ಕಂಪನಿಯು ಕೊಂಡಿತು. ಉಪಾಹಾರಗೃಹವು ಮಯ್ಯ ಮನೆತನದಲ್ಲಿಯೇ ಉಳಿಯಿತು. ಓರ್ಕ್ಲಾ ಕಂಪನಿಯು ತನ್ನ ಸೀಮೆಯಲ್ಲಿ ಡಬ್ಬಿಯಲ್ಲಿಟ್ಟ ಮೀನನ್ನೂ ಮಾಂಸದ ಪದಾರ್ಥಗಳನ್ನೂ ಬಹುಕಾಲದಿಂದ ಮಾರುತ್ತ ಬಂದದ್ದು. ರವೆ ಇಡ್ಲಿಯ ಹಿಟ್ಟಿನಲ್ಲಿ ಮೀನಿಲ್ಲ. ಆದರೆ ಆ ಹಿಟ್ಟಿನ ಲಾಭ ಸೇರುವ ತಿಜೋರಿಯಲ್ಲಿ ಮೀನಿನ ಲಾಭವೂ ಇದೆ. ಪ್ರಶ್ನೆಯ ತಿರುಳು ಇಷ್ಟೇ.

ಈ ವಿಷಯದಲ್ಲಿ ಎರಡು ಮಾತುಗಳನ್ನು ಕೇಳುತ್ತೇವೆ. ಪೊಟ್ಟಣದ ಮೇಲೆ ಹಸಿರು ಗುರುತಿದ್ದರೆ ಸಾಕು, ಒಡೆಯನು ಯಾರಾದರೇನು ಎಂಬುದು ಒಂದು. ಒಡೆಯನು ಹಿಂಸೆಯ ವ್ಯಾಪಾರಿಯಾದರೆ ಅವನ ಕೈಯ ಅಕ್ಕಿಯೂ ಅಶುದ್ಧ ಎಂಬುದು ಇನ್ನೊಂದು. ಎರಡೂ ಸುಲಭವಾದ ಉತ್ತರಗಳು. ಎರಡರಲ್ಲಿಯೂ ವಿಚಾರವು ಅರ್ಧಕ್ಕೇ ನಿಂತಿದೆ.

ಮೊದಲನೆಯದನ್ನು ನೋಡೋಣ. ಸಸ್ಯಾಹಾರಕ್ಕೆ ಹಸಿರು ಗುರುತು ಹಾಕಬೇಕೆಂಬ ನಿಯಮವು 2001ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಬಂದಿತು. ಅದು ಬಹಳ ಉಪಕಾರಿಯಾದ ನಿಯಮವೇ ಸರಿ. ಆದರೆ ಸರ್ಕಾರದ ವ್ಯಾಖ್ಯೆಯಲ್ಲಿ ಜೇನುತುಪ್ಪವು ಮಾಂಸಾಹಾರವಲ್ಲ. ನಮಗಾದರೋ ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣದ ಮಾತು. ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಅದನ್ನು ಪಂಚಾಣುವ್ರತಗಳ ಜೊತೆಗೇ ಇಟ್ಟಿದ್ದಾರೆ. ಕಂದಮೂಲಗಳಿಗೂ ಅದೇ ಹಸಿರು ಗುರುತು. ಅಷ್ಟೇ ಅಲ್ಲ, ಸಂಖ್ಯೆಯಿಂದ ಮಾತ್ರ ಸೂಚಿಸುವ ರುಚಿವರ್ಧಕಗಳಲ್ಲಿ ಕೆಲವು ಪ್ರಾಣಿಮೂಲದಿಂದಲೂ ಸಸ್ಯಮೂಲದಿಂದಲೂ ದೊರೆಯತಕ್ಕವು. ಇದನ್ನು ಗಮನಿಸಿದ ದೆಹಲಿ ಉಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ, ಘಟಕಾಂಶದ ಸಂಖ್ಯೆಯೊಂದನ್ನೇ ಮುದ್ರಿಸಿದರೆ ಸಾಲದು, ಅದರ ಮೂಲವನ್ನೂ ತಿಳಿಸಬೇಕೆಂದು ಆದೇಶ ನೀಡಿತು. ಆದುದರಿಂದ ಹಸಿರು ಗುರುತು ನಮ್ಮ ವಿಚಾರದ ಆರಂಭವೇ ಹೊರತು ಅಂತ್ಯವಲ್ಲ.

ಇನ್ನು ಎರಡನೆಯ ಮಾತು. ಹಿಂಸೆಯ ಹೊಣೆಯನ್ನು ಅಳೆಯಲು ನಮ್ಮ ಆಚಾರ್ಯರು ಕೊಟ್ಟಿರುವ ಅಳತೆಗೋಲು ಬಹು ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನೋವಾಕ್ಕಾಯಗಳೆಂಬ ಮೂರರಿಂದ, ಕೃತ, ಕಾರಿತ, ಅನುಮತ ಎಂಬ ಮೂರರಿಂದ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕರಿಂದ ಗುಣಿಸಿ ತೋರಿಸಿದ್ದಾರೆ. ಲೆಕ್ಕ ಹಾಕಿದರೆ 108 ಭೇದಗಳಾಗುತ್ತವೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು, ಈ ಮೂರರಲ್ಲಿ ಯಾವುದಾದರೊಂದು ಇದ್ದಲ್ಲಿ ಹೊಣೆಯಿದೆ. ಮಾಂಸವನ್ನು ಕೊಳ್ಳುವವನು ತಾನು ಕೊಲ್ಲಲಿಲ್ಲವೆಂದು ಹೇಳಿ ಪಾರಾಗಲಾರನು. ಅವನು ಕೊಳ್ಳುವನೆಂದೇ ಪ್ರಾಣಿಯು ಕೊಲೆಯಾಗುತ್ತದೆ, ಅದು ಕಾರಿತ. ರವೆ ಇಡ್ಲಿಯ ಹಿಟ್ಟನ್ನು ಕೊಳ್ಳುವವನಿಗಾಗಿ ಯಾವ ಮೀನೂ ಬಲೆಗೆ ಬೀಳುವುದಿಲ್ಲ. ಅವನ ಹಣದಿಂದ ನಡೆಯುವ ಕಾರ್ಯವೆಂದರೆ ರವೆಯನ್ನು ಹದಗೊಳಿಸಿ ಪೊಟ್ಟಣ ಕಟ್ಟುವುದು. ಇಲ್ಲಿ ಕೃತವಿಲ್ಲ, ಕಾರಿತವೂ ಇಲ್ಲ.

ಆದರೆ ಲಾಭ ಒಂದೇ ತಿಜೋರಿಗೆ ಹೋಗುತ್ತದೆಯಲ್ಲ ಎಂದು ಕೇಳಬಹುದು. ಹೋಗುತ್ತದೆ, ನಿಜ. ವ್ಯಾಪಾರದ ಲೆಕ್ಕವನ್ನು ಬಲ್ಲವರಿಗೆ ಗೊತ್ತಿರುವಂತೆ, ಪೊಟ್ಟಣದ ಬೆಲೆಯಲ್ಲಿ ಧಾನ್ಯ, ಕೂಲಿ, ಸಾಗಾಣಿಕೆ, ತೆರಿಗೆ, ಅಂಗಡಿಯವನ ಪಾಲು ಕಳೆದು ಉಳಿದುದಷ್ಟೇ ಒಡೆಯನ ಲಾಭ. ಅಲ್ಪವಾದರೂ ಅದು ಶೂನ್ಯವಲ್ಲ. ಆದರೆ ಮಾರಿದವನು ತನ್ನ ಲಾಭವನ್ನು ಮುಂದೆ ಏನು ಮಾಡಿದನೆಂಬುದೆಲ್ಲ ಕೊಂಡವನ ಪಾಪವೆಂದರೆ ಗೃಹಸ್ಥನು ಯಾರಿಂದಲೂ ಏನನ್ನೂ ಕೊಳ್ಳುವಂತಿಲ್ಲ. ನಮಗೆ ತೊಗರಿಯನ್ನು ಕೊಡುವ ರೈತನು ಆ ಹಣದಿಂದ ಸಂತೆಯಲ್ಲಿ ಕೋಳಿಯನ್ನು ಕೊಂಡಾನು. ನಮ್ಮ ಹಿರಿಯರು ಅಂಥವರಿಂದ ಧಾನ್ಯವನ್ನು ಕೊಳ್ಳಲಿಲ್ಲವೇ, ಅಂಥವರಿಗೆ ಬಟ್ಟೆಯನ್ನು ಮಾರಲಿಲ್ಲವೇ? ಹಾಗೆಂದು ಅವರ ಅಣುವ್ರತವು ಭಂಗವಾಯಿತೆಂದು ಯಾವ ಶ್ರಾವಕಾಚಾರವೂ ಹೇಳಲಿಲ್ಲ.

ಹಾಗಾದರೆ ಹಣದ ಮೂಲವನ್ನೂ ಗತಿಯನ್ನೂ ನೋಡಲೇಬಾರದೆಂದು ಅರ್ಥವೇ? ಅದೂ ಅಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ತದಾಹೃತಾದಾನ’ವೆಂಬುದೊಂದಿದೆ. ಕಳ್ಳನು ತಂದ ವಸ್ತುವನ್ನು ಕೊಳ್ಳುವುದು ಎಂದು ಅದರ ಅರ್ಥ. ಕೊಂಡವನು ಕದಿಯಲಿಲ್ಲ, ಬೆಲೆಯನ್ನೂ ಕೊಟ್ಟಿದ್ದಾನೆ. ಆದರೂ ಅದು ದೋಷ. ಏಕೆಂದರೆ ಆ ವಸ್ತುವೇ ಕಳವಿನಿಂದ ಬಂದುದು, ಅದನ್ನು ಕೊಳ್ಳುವವರು ಇರುವುದರಿಂದಲೇ ಕಳವು ನಡೆಯುವುದು. ಈ ಒಂದು ಅತಿಚಾರದಿಂದ ವ್ಯಾಪಾರಿಗೆ ಎರಡು ಪ್ರಶ್ನೆಗಳು ದೊರೆಯುತ್ತವೆ: ಈ ವಸ್ತುವು ಹೇಗೆ ಬಂದಿತು? ನನ್ನ ಕೊಳ್ಳುವಿಕೆಯಿಂದ ಯಾವ ಕಾರ್ಯವು ಮುಂದುವರಿಯುತ್ತದೆ? ಒಡೆಯನ ಹೆಸರಿಗಿಂತ ಈ ಎರಡು ಪ್ರಶ್ನೆಗಳೇ ಮುಖ್ಯ.

ಹೀಗೆ ನೋಡಿದಾಗ ಒಡೆಯರಲ್ಲಿಯೂ ಭೇದ ಕಾಣುತ್ತದೆ. ಹೊರದೇಶದ ಒಂದು ಉದಾಹರಣೆಯನ್ನು ನೋಡೋಣ. ನೆದರ್ಲೆಂಡಿನ ರೈತ ಮನೆತನದವರೊಬ್ಬರು ಪ್ರಾಣಿಗಳ ಮೇಲಿನ ಕರುಣೆಯಿಂದ ‘ವೆಜಿಟೇರಿಯನ್ ಬುಚರ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಮಾಂಸದ ರುಚಿ ಬಿಡಲಾರದವರಿಗೆ ಸಸ್ಯಗಳಿಂದಲೇ ಬದಲಿ ಆಹಾರವನ್ನು ಕೊಡುವುದು ಅದರ ಉದ್ದೇಶ. 2018ರಲ್ಲಿ ಅದನ್ನು ಯೂನಿಲಿವರ್ ಕಂಪನಿಯು ಕೊಂಡಿತು. 2025ರಲ್ಲಿ ಯೂನಿಲಿವರ್ ಅದನ್ನು ವಿವೆರಾ ಎಂಬ ಸಂಸ್ಥೆಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಆ ವಿವೆರಾ ಸಂಸ್ಥೆಯಾದರೋ 2021ರಿಂದ ಬ್ರೆಜಿಲ್ ಮೂಲದ ಜೆ.ಬಿ.ಎಸ್. ಕಂಪನಿಯದು. ಜೆ.ಬಿ.ಎಸ್. ಎಂದರೆ ಜಗತ್ತಿನಲ್ಲಿಯೇ ಅತಿ ದೊಡ್ಡ ಮಾಂಸದ ಕಂಪನಿ. ವಧೆಯೇ ಅದರ ಪ್ರಧಾನ ವೃತ್ತಿ. ಅದೇ ಕಂಪನಿಯು ಅಮೆರಿಕದಲ್ಲಿ ತಾನು ನಡೆಸುತ್ತಿದ್ದ ಪ್ಲಾಂಟೆರಾ ಎಂಬ ಸಸ್ಯಾಹಾರ ವಿಭಾಗವನ್ನು 2022ರಲ್ಲಿ ಮುಚ್ಚಿಬಿಟ್ಟಿತು. ಕರುಣೆಯಿಂದ ಹುಟ್ಟಿದ ಸಂಸ್ಥೆಯು ಏಳು ವರ್ಷಗಳಲ್ಲಿ ಎರಡು ಕೈ ದಾಟಿ ಯಾರ ಬಾಗಿಲಿಗೆ ಬಂದು ನಿಂತಿತೆಂಬುದನ್ನು ವಾಚಕರು ಯೋಚಿಸಬೇಕು.

ನಾವು ಸಸ್ಯಾಹಾರವನ್ನು ಕೊಂಡರೆ ಮಾಂಸದ ಕಂಪನಿಯು ಮೆಲ್ಲನೆ ಅಹಿಂಸೆಗೆ ತಿರುಗುವುದೆಂದು ಕೆಲವರು ಹೇಳುವುದುಂಟು. ಕಂಪನಿಯು ಬೇಡಿಕೆಯ ಭಾಷೆಯನ್ನು ಮಾತ್ರ ಬಲ್ಲದು. ಲಾಭವಿದ್ದರೆ ಸಸ್ಯಾಹಾರವನ್ನು ಇಟ್ಟುಕೊಳ್ಳುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಆದುದರಿಂದ ಕೊಳ್ಳುವುದು ಧರ್ಮಪ್ರಭಾವನೆಯೆಂದು ಬೀಗಬೇಕಾಗಿಲ್ಲ. ಹಾಗೆಯೇ, ಸಸ್ಯಾಹಾರಿಗಳೆಲ್ಲ ಒಮ್ಮೆಗೇ ಕೈಬಿಟ್ಟರೆ ಆ ಬೇಡಿಕೆಯೂ ಕುಸಿದು, ಸಸ್ಯಾಹಾರದ ಯಂತ್ರಗಳು ಬೇರೆ ಕೆಲಸಕ್ಕೆ ತಿರುಗಬಹುದೆಂಬ ಮಾತಿನಲ್ಲಿಯೂ ಸತ್ಯವಿದೆ. ಬಿಡುವುದೇ ಪುಣ್ಯವೆಂದು ತಿಳಿಯಬೇಕಾಗಿಲ್ಲ.

ನಮ್ಮ ಗ್ರಂಥಗಳು ಶ್ರಾವಕನಿಗೆ ನಿಷೇಧಿಸಿದ ಹದಿನೈದು ಖರಕರ್ಮಗಳನ್ನು ಗಮನಿಸಿ. ದಂತವಾಣಿಜ್ಯ, ವಿಷವಾಣಿಜ್ಯ ಮುಂತಾಗಿ ಅಲ್ಲಿ ಹೆಸರಿಸಿರುವುದು ವೃತ್ತಿಯನ್ನು. ವೃತ್ತಿಯ ಸ್ವರೂಪವೇ ಹಿಂಸೆಯಾದಲ್ಲಿ ಅದರಿಂದ ದೂರವಿರಬೇಕೆಂಬುದು ಅವುಗಳ ಆಶಯ. ಇದನ್ನು ಕೊಳ್ಳುವವನಿಗೂ ಅನ್ವಯಿಸಿ ಹೇಳುವುದಾದರೆ, ವಧೆಯೇ ಪ್ರಧಾನ ವೃತ್ತಿಯಾದ ಒಡೆಯನ ಸರಕನ್ನು, ಬೇರೆ ದಾರಿಯಿರುವಾಗ ಬಿಡುವುದೇ ವಿವೇಕ. ಹತ್ತಾರು ವ್ಯವಹಾರಗಳ ನಡುವೆ ಮಾಂಸವನ್ನೂ ಮಾರುವ ಒಡೆಯನ ಶುದ್ಧ ಸಸ್ಯಾಹಾರವನ್ನು ಕೊಂಡರೆ ವ್ರತಭಂಗವಿಲ್ಲ. ಆದರೆ ಅಷ್ಟೇ ಗುಣದ ಸರಕು ಅಹಿಂಸಕನ ಅಂಗಡಿಯಲ್ಲಿ ದೊರೆತರೆ ಅದನ್ನು ಆರಿಸುವುದು ಮೇಲು. ಒಂದು ನಿಷೇಧ, ಇನ್ನೊಂದು ತಾರತಮ್ಯ. ಇವೆರಡನ್ನು ಬೆರೆಸಬಾರದು.

ಕೊಳ್ಳುವವನಿಗೂ ಪಾಲುದಾರನಿಗೂ ಇರುವ ಅಂತರವನ್ನು ನಮ್ಮ ಸಮಾಜವು ಇದಕ್ಕಿಂತಲೂ ಎಚ್ಚರಿಕೆಯಿಂದ ಗಮನಿಸಬೇಕು. ಬೆಲೆ ಕೊಟ್ಟು ಪೊಟ್ಟಣ ತಂದಲ್ಲಿಗೆ ಕೊಳ್ಳುವವನ ಸಂಬಂಧವು ಮುಗಿಯಿತು. ಷೇರನ್ನು ಹಿಡಿದವನು ಒಡೆಯರಲ್ಲಿ ಒಬ್ಬನು. ನಿರ್ದೇಶಕರನ್ನು ಆರಿಸುವ ಮತ ಅವನದು, ವರ್ಷವರ್ಷವೂ ಲಾಭಾಂಶ ಅವನದು. ಅಲ್ಲಿ ಕಾರಿತವೂ ಇದೆ, ಅನುಮತವೂ ಇದೆ. ಓರ್ಕ್ಲಾ ಇಂಡಿಯಾ ಕಂಪನಿಯ ಷೇರುಗಳು 2025ರ ನವೆಂಬರಿನಲ್ಲಿ ನಮ್ಮ ಷೇರುಪೇಟೆಗೆ ಬಂದವು. ಆ ಷೇರನ್ನು ಕೊಂಡವನು ನಾರ್ವೆಯ ಮೀನಿನ ಕಾರ್ಖಾನೆಗೆ ಒಡೆಯನಾಗುವುದಿಲ್ಲ, ಏಕೆಂದರೆ ಅದು ಮಾತೃಸಂಸ್ಥೆಯ ಆಸ್ತಿ. ಆದರೆ ಭಾರತದ ಈ ಕಂಪನಿಯು ಎಂ.ಟಿ.ಆರ್. ಜೊತೆಗೆ ಕೇರಳ ಮೂಲದ ಈಸ್ಟರ್ನ್ ಬ್ರಾಂಡನ್ನೂ ಹೊಂದಿದೆ; ಆ ಹೆಸರಿನಲ್ಲಿ ಕೋಳಿಮಾಂಸದ ಅಡಿಗೆಗೆಂದೇ ಮಸಾಲೆ ಪುಡಿಯು ಮಾರಾಟವಾಗುತ್ತದೆ. ಪುಡಿಯಲ್ಲಿರುವುದು ಕೊತ್ತಂಬರಿ, ಮೆಣಸಿನಕಾಯಿಗಳಂತಹ ಸಾಂಬಾರ ಪದಾರ್ಥಗಳೇ. ಆದರೂ ಅದರ ಉದ್ದೇಶವು ಪೊಟ್ಟಣದ ಮೇಲೆಯೇ ಅಚ್ಚಾಗಿದೆ. ಉಪ್ಪನ್ನು ಮಾರುವವನಿಗೆ ಅದು ಯಾವ ಅಡಿಗೆಗೆ ಹೋಗುವುದೆಂದು ತಿಳಿಯದು. ಇಲ್ಲಿ ತಿಳಿದೇ ಮಾರಲಾಗುತ್ತದೆ. ಅನರ್ಥದಂಡಗಳಲ್ಲಿ ಎಣಿಸಿದ ‘ಹಿಂಸಾದಾನ’, ಅಂದರೆ ಹಿಂಸೆಯ ಸಾಧನವನ್ನು ಒದಗಿಸುವುದು, ಇದಕ್ಕೆ ಸಮೀಪವಾದ ದೋಷವೆಂದು ನಾನು ತಿಳಿಯುತ್ತೇನೆ. ಇಂತಹ ವ್ಯವಹಾರದ ಲಾಭಾಂಶವನ್ನು ವ್ರತಿಯು ಬಯಸಬಾರದು. ಹಿಟ್ಟಿನ ಪೊಟ್ಟಣದ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆ ನಡೆಸಿ, ಷೇರು ಪತ್ರಗಳನ್ನು ನೋಡದೆಯೇ ಬಿಡುವುದು ಸೊಳ್ಳೆಯನ್ನು ಸೋಸಿ ಆನೆಯನ್ನು ನುಂಗಿದಂತೆ.

ಬಸದಿಯ ಟ್ರಸ್ಟುಗಳ ಹೊಣೆಯು ಮನೆಯವರಿಗಿಂತ ಒಂದು ತೂಕ ಹೆಚ್ಚು. ಮನೆಯವನು ಕೊಂಡರೆ ಅದು ಅವನ ಊಟ; ಟ್ರಸ್ಟು ಕೊಂಡರೆ ಅದು ಸಮಾಜಕ್ಕೆ ಮೇಲ್ಪಂಕ್ತಿ. ಪಂಚಕಲ್ಯಾಣ ಮಹೋತ್ಸವದ ಭೋಜನಶಾಲೆಗೆ ಸಾಮಗ್ರಿಯನ್ನು ಕೊಳ್ಳುವುದು ಬೇರೆ, ಕಂಪನಿಯಿಂದ ದೇಣಿಗೆ ಪಡೆದು ಅದರ ಫಲಕವನ್ನು ಬಸದಿಯ ಅಂಗಳದಲ್ಲಿ ನಿಲ್ಲಿಸುವುದು ಬೇರೆ. ಫಲಕವೆಂದರೆ ಪ್ರಶಂಸೆ, ಪ್ರಶಂಸೆಯೆಂದರೆ ಅನುಮೋದನೆ. ಮೊದಲನೆಯದಕ್ಕೆ ಪರೀಕ್ಷಿಸಿ ಒಪ್ಪಬಹುದು, ಎರಡನೆಯದಕ್ಕೆ ಒಪ್ಪಲಾಗದು. ಟ್ರಸ್ಟಿನ ನಿಧಿಯನ್ನು ತೊಡಗಿಸುವಾಗಲೂ ಇದೇ ವಿವೇಕ ಬೇಕು.

ಇನ್ನೊಂದು ಮಾತನ್ನು ಟ್ರಸ್ಟಿಗಳಿಗೆ ನೆನಪಿಸುವುದು ಉಚಿತ. ತ್ಯಾಗಿಗಳ ಆಹಾರದ ವಿಷಯದಲ್ಲಿ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ನಮ್ಮ ಸಂಪ್ರದಾಯವು ಪಾಲಿಸುತ್ತ ಬಂದಿದೆ. ತಿಂಗಳುಗಟ್ಟಲೆ ಬಾಳುವ ಪೊಟ್ಟಣದ ಹಿಟ್ಟು ಪರಮ ಅಹಿಂಸಕನೇ ತಯಾರಿಸಿದ್ದರೂ ಆ ಚೌಕೆಯಲ್ಲಿ ಸಲ್ಲದು. ಒಡೆಯನು ಯಾರೆಂದು ಹುಡುಕುವ ಮೊದಲು, ಪೊಟ್ಟಣವು ಎಷ್ಟು ಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು. ಸಾರಿನ ಪುಡಿಯನ್ನು ಬಸದಿಯ ಅಡಿಗೆಮನೆಯಲ್ಲಿಯೇ ಕುಟ್ಟಿಸಬಹುದು. ಹಪ್ಪಳ, ಸಂಡಿಗೆಗಳನ್ನು ಊರಿನ ಹೆಣ್ಣುಮಕ್ಕಳಿಂದ ಮಾಡಿಸಬಹುದು. ಕೊಳ್ಳುವುದಕ್ಕೆ ಮಿತಿಯನ್ನು ಹಾಕಿಕೊಳ್ಳುವ ಭೋಗೋಪಭೋಗ ಪರಿಮಾಣವ್ರತವು ಇಂತಹ ಅನೇಕ ಸಂಶಯಗಳನ್ನು ಹುಟ್ಟುವ ಮೊದಲೇ ನಿವಾರಿಸುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಗೃಹಸ್ಥನು ಮೊದಲು ಪದಾರ್ಥವನ್ನು ಪರೀಕ್ಷಿಸಲಿ, ಆಮೇಲೆ ಒಡೆಯನ ಪ್ರಧಾನ ವೃತ್ತಿಯನ್ನು ವಿಚಾರಿಸಲಿ, ಮೇಲಾದುದು ಹತ್ತಿರದಲ್ಲಿ ದೊರೆತರೆ ಅದನ್ನೇ ಆರಿಸಲಿ. ಒಡೆತನ ಬದಲಾದ ಸಂಸ್ಥೆಗೆ, ಸಸ್ಯಾಹಾರದ ತಯಾರಿಕೆಯನ್ನು ಬೇರೆಯಾಗಿಯೇ ಉಳಿಸಿಕೊಳ್ಳಬೇಕೆಂದು ಗ್ರಾಹಕರಾಗಿ ಪತ್ರ ಬರೆಯಲಿ. ಮೂಕ ಬಹಿಷ್ಕಾರಕ್ಕಿಂತ ಒಂದು ಸ್ಪಷ್ಟ ಮಾತು ಹೆಚ್ಚು ಫಲಕಾರಿ. ಮುಂದೆ ಎಂದಾದರೂ ಅದೇ ಯಂತ್ರದಲ್ಲಿ ಮಾಂಸವೂ ತಯಾರಾದರೆ ಆ ದಿನವೇ ಪೊಟ್ಟಣವನ್ನು ಬಿಡಲು ಸಂಕೋಚ ಬೇಡ. ಷೇರಿನ ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ.

ಇಷ್ಟೆಲ್ಲ ವಿಚಾರ ಮಾಡಿದ ಮೇಲೂ ಪಕ್ಕದ ಮನೆಯವರ ಚೀಲದಲ್ಲಿ ಯಾವ ಪೊಟ್ಟಣವಿದೆಯೆಂದು ಇಣುಕುವುದು ನಮ್ಮ ಕೆಲಸವಲ್ಲ. ಅವರನ್ನು ಹಳಿಯುವಾಗ ಏಳುವ ಮಾನಕಷಾಯವೂ ಆ 108ರ ಲೆಕ್ಕದಲ್ಲಿ ಸೇರಿದೆ. ತನ್ನ ಮನೆಯ ಖಾತೆಯನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳುವವನಿಗೆ ಇತರರ ಖಾತೆಯನ್ನು ತಿದ್ದಲು ಬಿಡುವಿರದು.