ಅಡುಗೆಮನೆಯಲ್ಲಿ ದೂರದರ್ಶನ

ಮಲ್ಲಂದೂರಿನಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಬೇಳೆಕಾಳುಗಳಲ್ಲಿ ಹುಳು ಹುಟ್ಟುವುದು ಸಹಜ. ಮೊರದಲ್ಲಿ ಹರಡಿ ಕಣ್ಣಿಟ್ಟು ಆರಿಸಬೇಕು. ನೀರನ್ನು ಬಟ್ಟೆಯಲ್ಲಿ ಸೋಸಬೇಕು. ಅಂತಹ ಅಡುಗೆಮನೆಯ ಗೋಡೆಗೆ ಟಿ.ವಿ. ತೂಗುಹಾಕಬಹುದೆ?

ಪ್ರಮಾದದಿಂದಾಗುವ ಪ್ರಾಣಹರಣವೇ ಹಿಂಸೆಯೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಧಾರಾವಾಹಿಯತ್ತ ಹೊರಳಿದ ಕಣ್ಣು ಮೊರದ ಹುಳುವನ್ನು ಕಾಣದೆಂಬ ಆಕ್ಷೇಪ ಆದ್ದರಿಂದ ನ್ಯಾಯವಾದುದೇ. ಆದರೆ ಅದು ಕೇಳಿಬರುವುದು ಬಹುಮಟ್ಟಿಗೆ ನಡುಮನೆಯಿಂದ, ಅದೂ ಟಿ.ವಿ.ಯ ಮುಂದೆ ಕುಳಿತವರಿಂದ! 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾದಾಗಲೂ ಭಾನುವಾರದ ಬೆಳಗಿನ ತಿಂಡಿಯನ್ನು ಯಾರಾದರೊಬ್ಬರು ಮಾಡಲೇಬೇಕಿತ್ತು. ಮನೆಮಂದಿಯ ಅಹಿಂಸಾವ್ರತವನ್ನೆಲ್ಲ ಗೃಹಿಣಿಯೊಬ್ಬಳ ಕಣ್ಣಿಗೆ ಒಪ್ಪಿಸಿ ಉಳಿದವರು ವಿನೋದದಲ್ಲಿರುವುದು ಪ್ರಮಾದವಲ್ಲವೆ?

ಗೋಡೆಗೆ ಮೊಳೆ ಹೊಡೆಯುವ ಮುನ್ನ ಮೊರವನ್ನೇ ನಡುಮನೆಗೆ ತಂದು, ಟಿ.ವಿ. ನಿಲ್ಲಿಸಿ, ನಾಲ್ವರೂ ಕುಳಿತು ಕಾಳು ಆರಿಸಿ ನೋಡಲಿ. ಕೆಲಸ ಬೇಗ ಮುಗಿದೀತು. ಬಳಿಕ ಆಕೆಯೂ ಅಲ್ಲಿಯೇ ಕುಳಿತು ನೋಡಬಹುದು.