ಮಿಕ್ಕ ಚಿಲ್ಲರೆ ಯಾರದು?

ನಾನು ಕುದುರೆ ಜೂಜು ಆಡಿದವನಲ್ಲ. ಊಟಿಯ ಓಟದ ಬಯಲನ್ನು ಬಸ್‌ಸ್ಟ್ಯಾಂಡಿನಿಂದ ನೋಡಿದ್ದೇನೆ, ಅಷ್ಟೇ. ಆದರೂ ಹೋದ ಮಳೆಗಾಲದಲ್ಲಿ ನಮ್ಮ ವಾಚನಾಲಯದಲ್ಲಿ ಮೇಷ್ಟ್ರು ಅಮೆರಿಕದ ಕುದುರೆ ಪಂದ್ಯದ ಲೆಕ್ಕ ಬಿಡಿಸಿ ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿ ಒಂದು ಓಟಕ್ಕೆ ಪಣ ಕಟ್ಟಿದವರ ದುಡ್ಡೆಲ್ಲ ಒಂದೇ ಗುಡ್ಡೆ. ಪ್ಯಾರಿಸ್ಸಿನಲ್ಲಿ 1867ರ ಸುಮಾರಿಗೆ ಜೋಸೆಫ್ ಓಲರ್ ಎಂಬಾತ ಹುಟ್ಟುಹಾಕಿದ ಪದ್ಧತಿ. ಪಂದ್ಯ ನಡೆಸುವವರ ಪಾಲು, ಸರಕಾರದ ತೆರಿಗೆ ಮೊದಲೇ ಎತ್ತಿಟ್ಟು, ಉಳಿದದ್ದನ್ನು ಗೆದ್ದ ಕುದುರೆಗೆ ಕಟ್ಟಿದವರಿಗೆ ಹಂಚುತ್ತಾರೆ. ಆಗ ಬರುತ್ತದೆ ಚಿಲ್ಲರೆಯ ತಕರಾರು. ಕಟ್ಟಿದ ಒಂದು ಡಾಲರಿಗೆ 1 ಡಾಲರ್ 39 ಸೆಂಟು ಬಂತು ಅನ್ನಿ, ಕೈಗೆ ಕೊಡುವುದು 1 ಡಾಲರ್ 30 ಸೆಂಟು. ಹತ್ತರೊಳಗಿನದನ್ನು ಕತ್ತರಿಸಿಬಿಡುತ್ತಾರೆ. ಅದಕ್ಕೆ ಬ್ರೇಕೇಜ್ ಅಂತ ಹೆಸರು.

"ಒಂಬತ್ತು ಸೆಂಟು ತಾನೆ ಮೇಷ್ಟ್ರೆ, ಹೋಗ್ಲಿ ಬಿಡಿ" ಅಂದೆ.

"ಲಾಭ ಎಷ್ಟು ನೋಡಿ ಅಣ್ಣಾ" ಅಂದರು.

ಲಾಭ 39. ಅದರಲ್ಲಿ ಒಂಬತ್ತು ಅಂದರೆ ಹತ್ತಿರಹತ್ತಿರ ಕಾಲು ಪಾಲು! ಯಾರೂ ನಂಬದ ಕುದುರೆಗೆ ಕಟ್ಟಿ ಒಂದಕ್ಕೆ 20 ಡಾಲರ್ 39 ಸೆಂಟು ಗೆದ್ದವನಿಗೆ ಅದೇ ಒಂಬತ್ತು ಹೋದದ್ದು ಗೊತ್ತೂ ಆಗುವುದಿಲ್ಲ. ಕೆಂಟಕಿ ರಾಜ್ಯದವರು 2022ರಲ್ಲಿ ಕಾನೂನು ತಿದ್ದಿ, ಒಂದೊಂದು ಸೆಂಟಿಗೂ ಲೆಕ್ಕ ಕೊಡುವಂತೆ ಮಾಡಿದರಂತೆ.

"ಜೂಜುಕೋರನಿಗೆ ಎಂಥಾ ನ್ಯಾಯ?" ಅಂದ ಪಕ್ಕದಲ್ಲಿ ಕೂತಿದ್ದವನು. ಜೂಜು ಮನೆ ಹಾಳು ಮಾಡುತ್ತೆ, ನಿಜ. ಆದರೆ ಅವನು ಸೋಲೋದಕ್ಕೆ ಒಪ್ಪಿ ಕಟ್ಟಿದ್ದ. ಗೆದ್ದದ್ದರಲ್ಲಿ ಕಿತ್ತುಕೊಳ್ಳಿ ಅಂತ ಹೇಳಿದ್ದನೇ? ಅದೂ ನಿಯಮದಲ್ಲಿ ಬರೆದಿರುತ್ತೆ ಅಂದರು ಮೇಷ್ಟ್ರು.

ನನ್ನ ಮೇಳದಲ್ಲಿ ಅದೂ ಬರೆದಿರಲಿಲ್ಲ.

ನಾವು ಐದು ಜನ. ರಾತ್ರಿಯೆಲ್ಲ ತಂಬೂರಿ ಹಿಡಿದು ಕಥೆ ಹಾಡಿ, ಬೆಳಗ್ಗೆ ಬಂದ ದುಡ್ಡಿನಲ್ಲಿ ಬಸ್ ಚಾರ್ಜು, ಎಲೆಅಡಿಕೆ ಖರ್ಚು ಕಳೆದು ಪಾಲು ಮಾಡುತ್ತಿದ್ದವನು ನಾನು. 834 ರೂಪಾಯಿ ಉಳಿದರೆ "ನೂರ ಅರವತ್ತು ತಗೊಳ್ರಪ್ಪಾ" ಅನ್ನೋದು. ಮಿಕ್ಕ 34 ನನ್ನ ಜೋಳಿಗೆಗೆ. ಅದರಲ್ಲಿ 27 ರೂಪಾಯಿ 20 ಪೈಸೆ ಆ ನಾಲ್ವರದು. ತಂತಿ ಖರ್ಚಿಗೆ ಆಗುತ್ತೆ ಅಂತಿದ್ದೆ. ಎಷ್ಟು ಸಲ ತಂತಿ ಕೊಂಡೆ ಅಂತ ಆಣೆ ಮಾಡಿ ಹೇಳಲಾರೆ.

ಗಗ್ಗರ ನುಡಿಸುತ್ತಿದ್ದವನು ಒಂದೇ ಒಂದು ಸಲ ಕೇಳಿದ: "ಮಾವ, ಆ ಮಿಕ್ಕದ್ದು?"

"ಚಿಲ್ಲರೆಗೂ ಲೆಕ್ಕ ಕೇಳ್ತೀಯೇನ್ಲಾ?" ಅಂದೆ. ಎಲ್ಲರೂ ನಕ್ಕರು. ಅವನು ತಲೆ ತಗ್ಗಿಸಿದ. ಆ ನೂರ ಅರವತ್ತರಲ್ಲೇ ಅವನ ಮನೆಗೆ ರಾಗಿ ಬರಬೇಕಿತ್ತು. ಆಮೇಲೆ ಅವನು ಕೇಳಲಿಲ್ಲ. ಕೇಳದ್ದನ್ನು ಒಪ್ಪಿಗೆ ಅಂದುಕೊಂಡು ಮೂವತ್ತು ವರ್ಷ ಹಾಡಿದೆ.

ಈಗ ಪಾಲು ಮಾಡುವಾಗ ಟವೆಲ್ಲು ಹಾಸಿ ಎಲ್ಲರೆದುರಿಗೆ ಎಣಿಸುತ್ತೇನೆ. ಗಗ್ಗರದವನು ಮೇಳ ಬಿಟ್ಟು ಬಹಳ ಕಾಲವಾಯಿತು. ಅವನ ಮನೆ ನಮ್ಮೂರಿಂದ ಎರಡು ಮೈಲಿ. ಅವನಿಗೆ ಎಷ್ಟು ಕೊಡಬೇಕೋ ಲೆಕ್ಕ ಸಿಕ್ಕುತ್ತಿಲ್ಲ. ಅದನ್ನೇ ನೆಪ ಮಾಡಿಕೊಂಡು ಇನ್ನೂ ಹೋಗಿಲ್ಲ.